ಬ್ಯಾಡಗಿ ಹಣ್ಣುಮೆಣಸಿನಕಾಯಿ ಜೆಲ್ಲಿ, ಅದರಿಂದಲೇ ಪಚಡಿಗೊಂದು ವಿನೆಗ್ರೆಟ್

ಬ್ಯಾಡಗಿ ಖಾರದಪುಡಿ ಹಾಕಿದ ಸಾರು ಕುದಿಯುವಾಗ ಒಮ್ಮೆ ಬಗ್ಗಿ ನೋಡಿ. ಸಾರಿನ ನೀರು ಮಾಸಲು ಕೆಂಪು, ಮೇಲೆ ತೇಲುವ ಒಗ್ಗರಣೆ ಎಣ್ಣೆಯ ಕಣ್ಣುಗಳು ಮಾತ್ರ ಕಡುಗೆಂಪು. ಬ್ಯಾಡಗಿಯ ಬಣ್ಣ ನೀರಿಗೆ ಬಿಡುವಂಥದ್ದಲ್ಲ, ಎಣ್ಣೆಗೆ ಬಿಡುವಂಥದ್ದು. ಕೆಂಪು ಮೆಣಸಿನಕಾಯಿ ಜೆಲ್ಲಿ ಮಾಡಲು ಕೂತವರು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮಾತು ಇದೊಂದೇ. ಹಣ್ಣಿನ ಜೆಲ್ಲಿ ಮಾಡುವ ಹಾಗೆ ಬರೀ ರಸ ಸೋಸಿಕೊಂಡು ತಿರುಳು ಚೆಲ್ಲಿದರೆ ಬಣ್ಣವೆಲ್ಲ ಅರಿವೆಯಲ್ಲೇ ಉಳಿಯುತ್ತದೆ. ಬಾಟಲಿಗೆ ಇಳಿಯುವುದು ತೆಳು ಕಿತ್ತಳೆ ಬಣ್ಣದ, ಬ್ಯಾಡಗಿಯದ್ದೋ ಇನ್ನಾವುದರದ್ದೋ ಗೊತ್ತಾಗದ ಜೆಲ್ಲಿ.

ಅದಕ್ಕೇ ಇಲ್ಲಿ ಎರಡು ಕೆಲಸ ಬೇರೆ ಬೇರೆ ನಡೆಯುತ್ತವೆ. ಪೇರಲ ಹಣ್ಣಿನ ರಸವನ್ನು ತಿಳಿಯಾಗಿ ಸೋಸಿಕೊಳ್ಳುವುದು ಒಂದು. ಮೆಣಸಿನಕಾಯಿಯನ್ನು ವಿನೆಗರ್‌ನಲ್ಲಿ ಅರೆದು ತಿರುಳಿನ ಸಮೇತ ಉಳಿಸಿಕೊಳ್ಳುವುದು ಇನ್ನೊಂದು. ಎರಡನ್ನೂ ಸಕ್ಕರೆಯೊಡನೆ ಕುದಿಸಿದರೆ ಜೆಲ್ಲಿ. ಆ ಜೆಲ್ಲಿಯನ್ನು ವಿನೆಗರ್, ಕುಸುಬಿ ಎಣ್ಣೆಯ ಜೊತೆ ಕುಲುಕಿದರೆ ವಿನೆಗ್ರೆಟ್, ಅಂದರೆ ಪಚಡಿಯ ಹಸಿ ತರಕಾರಿಗೆ ಕಲಸುವ ಹುಳಿ-ಎಣ್ಣೆ. ತಿರುಳಿನಲ್ಲಿ ಕೂತಿದ್ದ ಕೆಂಪು ನಿಜವಾಗಿ ಹೊರಗೆ ಬರುವುದು ಆಗಲೇ.

ಮೆಣಸಿನಕಾಯಿ

ಹಸಿಯ ಹಣ್ಣುಮೆಣಸಿನಕಾಯಿ ಬೇಕು. ಸಂಕ್ರಾಂತಿಯ ಆಚೀಚೆ, ಮನೆಮನೆಯಲ್ಲೂ ರಂಜಕ (ಹಣ್ಣುಮೆಣಸಿನಕಾಯಿ ಚಟ್ನಿ) ಅರೆಯುವ ಹೊತ್ತಿಗೆ, ಕುಂದಗೋಳ, ನವಲಗುಂದ, ಶಿರಹಟ್ಟಿ, ಸವಣೂರು ಕಡೆಯ ಹೊಲಗಳಿಂದ ಇದು ಸಂತೆಗೆ ಬರುತ್ತದೆ. ರಂಜಕಕ್ಕೆಂದು ತಂದ ಕಾಯಿಯಲ್ಲೇ ಕಾಲು ಕೆಜಿ ಎತ್ತಿಟ್ಟುಕೊಂಡರೆ ಸಾಕು. ಬ್ಯಾಡಗಿ ಪೇಟೆಗೇ ಹೋಗಿ ತರೋಣ ಅನ್ನಬೇಡಿ. ಸೋಮವಾರ, ಗುರುವಾರ ಅಲ್ಲಿ ನಡೆಯುವುದು ಚೀಲಗಟ್ಟಲೆ ಒಣಕಾಯಿಯ ವ್ಯಾಪಾರ.

ಕೊಳ್ಳುವಾಗ ಒಂದು ಮೋಸ ಆಗುವುದುಂಟು. ಬ್ಯಾಡಗಿಯ ಗುರುತು ಅಂದರೆ ಸುಕ್ಕು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಆ ಸುಕ್ಕು ಬರುವುದು ಒಣಗಿದ ಮೇಲೆ. ಹಸಿಯಿದ್ದಾಗ ಅದೂ ಬೇರೆ ಮೆಣಸಿನಕಾಯಿಯಂತೆಯೇ ಕಾಣುತ್ತದೆ. ಆದ್ದರಿಂದ ಒಂದು ಕಾಯಿ ಮುರಿದು, ತುದಿಯ ಕಡೆಯ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಮೊದಲು ಸಿಹಿವಾಸನೆ, ಆಮೇಲೆ ನಿಧಾನಕ್ಕೆ ಸಣ್ಣ ಖಾರ ಬಂದರೆ ಸರಿ. ಮುಟ್ಟಿಸಿದ ಕೂಡಲೇ ಚುರ್ ಅಂದರೆ ಅದು ಖಾರದ ಹೈಬ್ರಿಡ್. ಕಾಲು ಕೆಜಿ ಅದನ್ನೇ ಹಾಕಿದರೆ ಜೆಲ್ಲಿ ಬಾಯಲ್ಲಿಡಲಾಗದು. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ತಳಿ, ಎರಡೂ ನಡೆಯುತ್ತವೆ. ಗಿಡ್ಡಗೆ ದುಂಡಗಿರುವ ಡಬ್ಬಿ ಸಿಕ್ಕರೆ ಬಣ್ಣ, ಪರಿಮಳ ಎರಡಕ್ಕೂ ಅದೇ ಮೇಲು. ಪೂರ್ತಿ ಕೆಂಪಾಗಿ, ತೊಟ್ಟು ಹಸಿರಾಗಿ, ಒತ್ತಿದರೆ ಗಟ್ಟಿಯಾಗಿರುವುದನ್ನು ಆರಿಸಿ. ಅರ್ಧ ಹಸಿರು ಅರ್ಧ ಕೆಂಪು ಇರುವ ಕಾಯಿ ಸೇರಿದರೆ ಜೆಲ್ಲಿ ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗುತ್ತದೆ.

ಹಂಗಾಮು ಮುಗಿದ ಮೇಲೆ ಮಾಡುವವರು ಒಣ ಬ್ಯಾಡಗಿ 45 ಗ್ರಾಂ ತೊಟ್ಟು, ಬೀಜ ತೆಗೆದು ತೂಗಿಕೊಳ್ಳಿ. ಧೂಳು ಹೋಗುವಂತೆ ತೊಳೆದು, ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸಿದರೆ ತೊಟ್ಟು, ಬೀಜ ತೆಗೆದ 180 ಗ್ರಾಂ ಹಸಿಯ ಕಾಯಿಗೆ ಅದು ಸರಿಸಮ. ಬಣ್ಣ ಇನ್ನೂ ಗಾಢ ಬರುತ್ತದೆ, ಹಸಿಯ ಹಣ್ಣಿನ ಘಮ ಮಾತ್ರ ಇರುವುದಿಲ್ಲ.

ಪೇರಲ ಯಾಕೆ

ಜೆಲ್ಲಿ ಗಟ್ಟಿಯಾಗುವುದು ಪೆಕ್ಟಿನ್‌ನಿಂದ. ಹಣ್ಣಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ವಸ್ತು ಅದು. ಮೆಣಸಿನಕಾಯಿಯಲ್ಲಿ ಜೆಲ್ಲಿ ನಿಲ್ಲಿಸುವಷ್ಟು ಪೆಕ್ಟಿನ್ ಇಲ್ಲ, ಪೇರಲದಲ್ಲಿ ಬೇಕಾದಷ್ಟಿದೆ. ಧಾರವಾಡದ ಹತ್ತಿರದ ನವಲೂರಿನ ಪೇರಲ ಕೈಗೆ ಸಿಗುವ ಊರಿನಲ್ಲಿ ಕೂತು ಪೆಕ್ಟಿನ್ ಪುಡಿಯ ಡಬ್ಬಿ ತರಿಸುವುದು ದಂಡದ ಖರ್ಚು. ಚಳಿಗಾಲದ ಪೇರಲ ಮತ್ತು ಹಣ್ಣುಮೆಣಸಿನಕಾಯಿ ಒಂದೇ ಕಾಲಕ್ಕೆ ಬರುವುದು ಇನ್ನೊಂದು ಅನುಕೂಲ.

ಹಣ್ಣು ಮೆತ್ತಗಾದಷ್ಟೂ ಪೆಕ್ಟಿನ್ ಕಡಿಮೆಯಾಗುತ್ತದೆ. ಘಮ್ಮೆನ್ನುವ ಹಳದಿ ಹಣ್ಣು ತಿನ್ನಲು ಚೆಂದ, ಜೆಲ್ಲಿಗೆ ಕೆಲಸಕ್ಕೆ ಬಾರದು. ಬೇಕಿರುವುದು ದೋರಗಾಯಿ: ಹಸಿರು ಈಗಷ್ಟೇ ತಿಳಿಯಾಗುತ್ತಿರುವ, ಕಚ್ಚಿದರೆ ಕರುಂ ಅನ್ನುವ ಕಾಯಿ. ಒಂದು ಕೆಜಿಯಲ್ಲಿ ಮುಕ್ಕಾಲು ಪಾಲು ದೋರಗಾಯಿ, ಘಮಕ್ಕೆಂದು ಕಾಲು ಪಾಲು ಹಣ್ಣು ಇರಲಿ.

ಪೇರಲ ಸಿಗದಿದ್ದರೆ ಪುಡಿ ಪೆಕ್ಟಿನ್ ಬಳಸಬಹುದು. ಡಬ್ಬಿಯ ಮೇಲೆ 150 ಗ್ರೇಡ್ ಎಂದಿದ್ದರೆ ಒಂದು ಗ್ರಾಂ ಪುಡಿ 150 ಗ್ರಾಂ ಸಕ್ಕರೆಯನ್ನು ಜೆಲ್ಲಿಯಾಗಿ ನಿಲ್ಲಿಸಬಲ್ಲದು ಎಂದರ್ಥ. ಇಲ್ಲಿಯ 700 ಗ್ರಾಂ ಸಕ್ಕರೆಗೆ ಲೆಕ್ಕದಲ್ಲಿ 5 ಗ್ರಾಂ ಸಾಕು, ಮನೆ ಅಡುಗೆಯಲ್ಲಿ 7 ಗ್ರಾಂ ಹಾಕಿದರೆ ಧೈರ್ಯ. ಅದನ್ನು ಐದು ಪಟ್ಟು ಸಕ್ಕರೆಯಲ್ಲಿ ಬೆರೆಸಿಯೇ ಉದುರಿಸಬೇಕು, ಇಲ್ಲದಿದ್ದರೆ ರವೆ ಗಂಟು ಕಟ್ಟಿದ ಹಾಗೆ ಕಟ್ಟುತ್ತದೆ. ಅಂಗಡಿಯ ಬಣ್ಣದ ಜೆಲ್ಲಿ ಪುಡಿ, ಅಗರ್ ಅಗರ್ ಇವೆಲ್ಲ ಬೇರೆಯೇ ಸಾಮಾನು. ಅಗರ್ ಹಾಕಿದ್ದು ಚಾಕುವಿನಿಂದ ಕತ್ತರಿಸುವ ಹಾಗೆ ನಿಲ್ಲುತ್ತದೆ, ರೊಟ್ಟಿಯ ಮೇಲೆ ಸವರಲು ಬರುವುದಿಲ್ಲ. ಹುಳಿಯಲ್ಲಿ ಕುದಿದರೆ ಅದರ ಹಿಡಿತವೂ ಸಡಿಲಾಗುತ್ತದೆ.

ಅಳತೆ

200 ಮಿಲಿಯ ನಾಲ್ಕು ಬಾಟಲಿಗೆ:

ಪೇರಲ 1 ಕೆಜಿ, ನೀರು 1.25 ಲೀಟರ್
ಹಣ್ಣುಮೆಣಸಿನಕಾಯಿ 250 ಗ್ರಾಂ (ತೊಟ್ಟು, ಬೀಜ ತೆಗೆದ ಮೇಲೆ ಸುಮಾರು 180)
ಬಿಳಿ ವಿನೆಗರ್ 200 ಮಿಲಿ
ಸಕ್ಕರೆ 700 ಗ್ರಾಂ
ಲಿಂಬಿಹಣ್ಣು 3 (ಒಂದು ಪೇರಲ ಬೇಯಿಸುವಾಗ, ಎರಡರ ರಸ ಕೊನೆಯ ಕುದಿತಕ್ಕೆ, ಅಂದರೆ 2 ದೊಡ್ಡ ಚಮಚ)
ಉಪ್ಪು ಕಾಲು ಸಣ್ಣ ಚಮಚ

ವಿನೆಗರ್ ಬಾಟಲಿಯ ಚೀಟಿ ಓದಿ. ಅಸಿಟಿಕ್ ಆಮ್ಲ ಶೇ. 4 ಅಥವಾ 5 ಎಂದಿರಬೇಕು. ಇದನ್ನು ಕಡಿಮೆ ಮಾಡಲು ಹೋಗಬೇಡಿ. ಮೆಣಸಿನಕಾಯಿಗೆ ತನ್ನದೆಂಬ ಹುಳಿ ಇಲ್ಲ. ಜೆಲ್ಲಿ ಕೆಡದಿರುವುದೂ ಗಟ್ಟಿಯಾಗುವುದೂ ಈ ಹುಳಿಯ ಮೇಲೆಯೇ ನಿಂತಿದೆ. ಸಕ್ಕರೆಯ ಮಾತೂ ಅದೇ. 'ಸಿಹಿ ಕಡಿಮೆ ಇರಲಿ' ಎಂದು ಅರ್ಧ ಕೆಜಿಗೆ ಇಳಿಸಿದರೆ ಸಿಗುವುದು ಪಾನಕ. ಪೆಕ್ಟಿನ್ ಬಲೆ ಹೆಣೆದುಕೊಳ್ಳಬೇಕಾದರೆ ಸಕ್ಕರೆ ನೀರನ್ನು ತನ್ನ ಕಡೆ ಎಳೆದುಕೊಂಡಿರಬೇಕು. ಒಟ್ಟು ತೂಕದಲ್ಲಿ ಶೇ. 65ರಷ್ಟು ಸಕ್ಕರೆ ಇದ್ದಾಗಲೇ ಅದು ಆಗುವುದು.

ಬೆಲ್ಲ? ಕೇಳುವವರು ಬಹಳ. ಬೆಲ್ಲ ಕಾಸುವಾಗ ಸುಣ್ಣ ಹಾಕುವುದುಂಟು, ಅದು ಹುಳಿಯ ಬಲ ತಗ್ಗಿಸುತ್ತದೆ. ಬಣ್ಣವೂ ಕಂದಾಗುತ್ತದೆ. ಬ್ಯಾಡಗಿ ಬಣ್ಣಕ್ಕಾಗಿ ಇಷ್ಟೆಲ್ಲ ಪಾಡುಪಟ್ಟು ಕೊನೆಗೆ ಬೆಲ್ಲದ ಬಣ್ಣ ತರಿಸುವುದರಲ್ಲಿ ಅರ್ಥವಿಲ್ಲ.

ಪಾತ್ರೆ ಸ್ಟೀಲಿನದೇ ಇರಲಿ, ಅಗಲ ಬಾಯಿಯ ಡಬರಿ, ಕಡಿಮೆಯೆಂದರೂ 5 ಲೀಟರಿನದು. ಜೆಲ್ಲಿ ಉಕ್ಕುತ್ತದೆ. ಅಲ್ಯುಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರ ಬೇಡ, ಹುಳಿ ಅವನ್ನು ತಿನ್ನುತ್ತದೆ. ಕಬ್ಬಿಣದ ಕಡಾಯಿಯಲ್ಲಿ ಬಣ್ಣ ಕಪ್ಪಾಗುತ್ತದೆ.

ಪೇರಲ ರಸ: ಹಿಂದಿನ ರಾತ್ರಿಯ ಕೆಲಸ

ಪೇರಲ ತೊಳೆದು ಸಿಪ್ಪೆ, ಬೀಜ ಸಮೇತ ತೆಳ್ಳಗೆ ಹೆಚ್ಚಿ. ಪೆಕ್ಟಿನ್ ಹೆಚ್ಚಿರುವುದು ಸಿಪ್ಪೆಯ ಬಳಿ ಮತ್ತು ಬೀಜದ ಸುತ್ತ, ಅದನ್ನೇ ತೆಗೆದೆಸೆದರೆ ಏನೂ ಉಳಿಯಲಿಲ್ಲ. ನೀರು, ಒಂದು ಲಿಂಬಿಹಣ್ಣಿನ ರಸ ಹಾಕಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಅರ್ಧ ತಾಸು ಬೇಯಿಸಿ. ಹೋಳು ಮೆತ್ತಗಾಗಬೇಕು, ಕಲಸಿ ಮುದ್ದೆಯಾಗಬಾರದು. ಸೌಟಿನಿಂದ ಹಿಚುಕುವ ಆಸೆ ತಡೆದುಕೊಳ್ಳಿ.

ಶ್ರೀಖಂಡಕ್ಕೆ ಮೊಸರು ಕಟ್ಟಿದ ಹಾಗೆ ಹಳೇ ಧೋತರದ ಅರಿವೆ ಎರಡು ಮಡಿಕೆ ಮಾಡಿ, ಒದ್ದೆ ಮಾಡಿ ಹಿಂಡಿ, ಬೆಂದದ್ದನ್ನು ಸುರಿದು ಗಂಟು ಕಟ್ಟಿ ತೂಗುಬಿಡಿ. ಬೆಳಗಾಗುವ ಹೊತ್ತಿಗೆ ಕೆಳಗಿನ ಬೋಗುಣಿಯಲ್ಲಿ 700 ಮಿಲಿಗೆ ಹತ್ತಿರ, ಬೆರಳಿಗೆ ಜಾರುಜಾರಾಗಿ ತಾಗುವ ರಸ ಇರುತ್ತದೆ. ಆ ಜಾರೇ ಪೆಕ್ಟಿನ್. ಗಂಟು ಹಿಂಡಿದರೆ ಇನ್ನೂ ಒಂದು ಲೋಟ ರಸ ಸಿಗುತ್ತದೆ, ಜೊತೆಗೆ ಮಡ್ಡಿಯೂ ಇಳಿಯುತ್ತದೆ. ನಮಗೆ ಬೇಕಾದ್ದು 600 ಮಿಲಿ. ಹೆಚ್ಚಿದ್ದರೆ ಕುದಿಸಿ ಅಷ್ಟಕ್ಕೆ ಇಳಿಸಿಕೊಳ್ಳಿ. ಅರಿವೆಯಲ್ಲಿ ಉಳಿದ ತಿರುಳನ್ನು ಜರಡಿಯಲ್ಲಿ ಉಜ್ಜಿ ಬೀಜ ತೆಗೆದು, ಸಮಸಮ ಸಕ್ಕರೆ ಹಾಕಿ ಮಗುಚಿದರೆ ಪೇರಲ ಬರ್ಫಿ.

ರಸದಲ್ಲಿ ಪೆಕ್ಟಿನ್ ಎಷ್ಟಿದೆ ಎಂದು ನೋಡುವ ಒಂದು ಉಪಾಯ ಇದೆ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಒಂದು ದೊಡ್ಡ ಚಮಚ ಗಾಜಿನ ಲೋಟಕ್ಕೆ ಹಾಕಿ, ಆರಿದ ರಸ ಒಂದು ಸಣ್ಣ ಚಮಚ ಬಿಟ್ಟು, ಮೆಲ್ಲಗೆ ತಿರುಗಿಸಿ ಒಂದು ನಿಮಿಷ ಬಿಡಿ. ಫೋರ್ಕ್‌ನಲ್ಲಿ ಎತ್ತಲು ಬರುವ ಒಂದೇ ಮುದ್ದೆ ಕಟ್ಟಿದರೆ ಪೆಕ್ಟಿನ್ ಧಾರಾಳ. ಎರಡು ಮೂರು ತುಂಡಾದರೆ ನಡುಮಧ್ಯ. ಅಂಥ ರಸವನ್ನು 450 ಮಿಲಿಗೆ ಇಂಗಿಸಿಕೊಂಡು ಬಳಸಿ. ಎಳೆಎಳೆಯಾಗಿ ಚದುರಿದರೆ ಕಾಯಿ ಬಲಿತು ಹಣ್ಣಾಗಿತ್ತು ಎಂದೇ ಅರ್ಥ. ಈ ಲೋಟದಲ್ಲಿರುವುದನ್ನು ರುಚಿ ನೋಡಬೇಡಿ, ಚೆಲ್ಲಿಬಿಡಿ. ಅದು ವಿಷ.

ಮೆಣಸಿನಕಾಯಿ ತಿರುಳು

ಕೈಗೆ ತೆಳು ಗ್ಲೌಸ್ ಹಾಕಿಕೊಳ್ಳಿ, ಇಲ್ಲವೇ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಖಾರವೂ ಬಣ್ಣದ ಹಾಗೆಯೇ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಕೈ ಉರಿ ಎದ್ದರೂ ಮೊದಲು ಎಣ್ಣೆ ಉಜ್ಜಿ, ಆಮೇಲೆ ಸೋಪು. ಕಾಯಿಯನ್ನು ಉದ್ದಕ್ಕೆ ಸೀಳಿ, ಬೀಜದ ಜೊತೆ ಒಳಗಿನ ಬಿಳಿ ಎಳೆಯನ್ನೂ ಕೆರೆದು ತೆಗೆಯಿರಿ. ಖಾರ ಇರುವುದು ಆ ಬಿಳಿ ಭಾಗದಲ್ಲಿ, ಬೀಜಕ್ಕೆ ಅದರ ಸೋಂಕಷ್ಟೇ. ಖಾರ ಬೇಕೆನ್ನುವವರು ಎರಡು ಮೂರು ಕಾಯಿಯ ಎಳೆ ಹಾಗೇ ಬಿಡಿ.

ಎರಡು ಕಾಯಿ ಪಕ್ಕಕ್ಕಿಟ್ಟು, ಉಳಿದದ್ದನ್ನು ವಿನೆಗರ್ ಜೊತೆ ಮಿಕ್ಸಿಯಲ್ಲಿ ನುಣ್ಣಗೆ ಅರೆಯಿರಿ. ಸ್ಟೀಲ್ ಬೋಗುಣಿಯಲ್ಲಿ ಐದು ನಿಮಿಷ ಕುದಿಸಿ. ಘಾಟು ಎದ್ದು ಮನೆಯವರೆಲ್ಲ ಕೆಮ್ಮುತ್ತಾರೆ, ಕಿಟಕಿ ತೆರೆದೇ ಒಲೆ ಹೊತ್ತಿಸಿ. ಆಮೇಲೆ ಹಿಟ್ಟಿನ ಜರಡಿಗಿಂತ ಸ್ವಲ್ಪ ದೊಡ್ಡ ಕಣ್ಣಿನ ಸ್ಟೀಲ್ ಜರಡಿಯಲ್ಲಿ ಸೌಟಿನ ಬೆನ್ನಿನಿಂದ ಉಜ್ಜಿ ಉಜ್ಜಿ ಇಳಿಸಿ. ಮೇಲೆ ಉಳಿಯಬೇಕಾದ್ದು ಕಾಗದದಂಥ ಸಿಪ್ಪೆ ಮಾತ್ರ. ಕೆಳಗೆ ಇಳಿದದ್ದು ಗಟ್ಟಿ ಕೆಂಪು ಸಾರಿನ ಹಾಗೆ, ಹೆಚ್ಚುಕಡಿಮೆ 300 ಗ್ರಾಂ ಇರುತ್ತದೆ. ಪಕ್ಕಕ್ಕಿಟ್ಟ ಎರಡು ಕಾಯಿಯನ್ನು ಸಾಸಿವೆ ಕಾಳಿಗಿಂತ ಎರಡು ಪಟ್ಟು ದೊಡ್ಡದಾಗಿ ಕೊಚ್ಚಿಕೊಳ್ಳಿ. ಬಾಟಲಿಯಲ್ಲಿ ಅವು ಚುಕ್ಕೆಚುಕ್ಕೆಯಾಗಿ ಕಾಣುವುದೇ ಈ ಜೆಲ್ಲಿಯ ಅಂದ.

ಕುದಿತ

ಮೊದಲು ಖಾಲಿ ಡಬರಿ ತೂಗಿ ಬರೆದಿಟ್ಟುಕೊಳ್ಳಿ. ಉಪಯೋಗ ಮುಂದೆ ಗೊತ್ತಾಗುತ್ತದೆ. ಫ್ರೀಜರ್‌ನಲ್ಲಿ ಒಂದು ಸ್ಟೀಲ್ ತಾಟು ಇಡಿ.

ಪೇರಲ ರಸ, ಮೆಣಸಿನಕಾಯಿ ತಿರುಳು, ಲಿಂಬಿರಸ, ಉಪ್ಪು ಸೇರಿಸಿ ಬಿಸಿ ಮಾಡಿ, ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಪೂರ್ತಿ ಕರಗಿಸಿ. ಡಬರಿಯ ಅಂಚಿಗೆ ಮೆತ್ತಿದ ಸಕ್ಕರೆಯನ್ನು ಒದ್ದೆ ಸೌಟಿನಿಂದ ಒರೆಸಿ ಒಳಗೆ ಇಳಿಸಿ. ಅಲ್ಲಿ ಉಳಿದ ನಾಲ್ಕು ಹರಳೇ ಮುಂದೆ ಬಾಟಲಿಯಲ್ಲಿ ಕಲ್ಲುಸಕ್ಕರೆ ಬೆಳೆಸುತ್ತವೆ. ಆಮೇಲೆ ಉರಿ ದೊಡ್ಡದು ಮಾಡಿ. ಕಲಕಿದರೂ ತಗ್ಗದಂಥ ಕುದಿ ಬರಬೇಕು. ಸಣ್ಣ ಉರಿಯಲ್ಲಿ ಮುಕ್ಕಾಲು ತಾಸು ಕಾಸಿದರೆ ಪೆಕ್ಟಿನ್ನೇ ಒಡೆಯುತ್ತದೆ, ಬಣ್ಣ ಕಂದುತ್ತದೆ. ದೊಡ್ಡ ಉರಿಯಲ್ಲಿ 15ರಿಂದ 20 ನಿಮಿಷದೊಳಗೆ ಕೆಲಸ ಮುಗಿಯಬೇಕು. ಈ ಕಾರಣಕ್ಕೇ ಅಳತೆ ಇಮ್ಮಡಿ ಮಾಡಿ ಒಂದೇ ಸಲಕ್ಕೆ ಕಾಸಬಾರದು, ಬೇಕಿದ್ದರೆ ಎರಡು ಸಲ ಮಾಡಿ. ನೊರೆಯನ್ನು ಕೊನೆಗೆ ಒಂದೇ ಸಲ ತೆಗೆಯಿರಿ.

ಇನ್ನು ಇಳಿಸುವ ಹದ. ಬಹಳ ಮಂದಿ ಎಡವುವುದು ಇಲ್ಲೇ, ಅದರಲ್ಲೂ ಉಂಡಿ ಕಟ್ಟುವುದರಲ್ಲಿ ಪಳಗಿದವರು. ಅವರು ಎರಡು ಬೆರಳ ನಡುವೆ ಎಳೆ ಬರುವವರೆಗೆ ಕಾಯುತ್ತಾರೆ. ಎಳೆಪಾಕ ಸಕ್ಕರೆಯ ಹದ, ಜೆಲ್ಲಿಯ ಹದವಲ್ಲ. ಎಳೆ ಬರುವ ಹೊತ್ತಿಗೆ ಜೆಲ್ಲಿ ದಾಟಿ ಹೋಗಿರುತ್ತದೆ, ಆರಿದ ಮೇಲೆ ಚಿಕ್ಕಿಯ ಹಾಗೆ ಹಲ್ಲಿಗೆ ಅಂಟುತ್ತದೆ.

ಥರ್ಮಾಮೀಟರ್ ಇದ್ದವರಿಗೆ ಬೇರೆ ತೊಂದರೆ. ಪುಸ್ತಕಗಳಲ್ಲಿ ಜೆಲ್ಲಿ 104.5 ಡಿಗ್ರಿಗೆ ಇಳಿಸಿ ಎಂದಿರುತ್ತದೆ. ಅದು ಸಮುದ್ರ ದಂಡೆಯ ಲೆಕ್ಕ. ಧಾರವಾಡ 700 ಮೀಟರಿಗೂ ಎತ್ತರ, ಹುಬ್ಬಳ್ಳಿ, ಗದಗ 650ರ ಆಸುಪಾಸು, ಹಾವೇರಿ 570ರ ಹತ್ತಿರ. ಸುಮಾರು 300 ಮೀಟರ್ ಏರಿದರೆ ನೀರು ಕುದಿಯುವ ಮಟ್ಟ ಒಂದು ಡಿಗ್ರಿ ಇಳಿಯುತ್ತದೆ. ನಮ್ಮಲ್ಲಿ ನೀರು ಕುದಿಯುವುದು 97.5ರಿಂದ 98ಕ್ಕೆ. ಜೆಲ್ಲಿಯ ಹದ ಎಂದರೆ ನೀರು ಕುದಿಯುವ ಮಟ್ಟಕ್ಕಿಂತ 4.5 ಡಿಗ್ರಿ ಮೇಲೆ, ಅಂದರೆ ಇಲ್ಲಿ 102, ಹೆಚ್ಚೆಂದರೆ 102.5. ಪುಸ್ತಕ ನಂಬಿ 104.5ರವರೆಗೆ ಕಾದರೆ ಅದೇ ಚಿಕ್ಕಿಯ ಕತೆ. ನಿಮ್ಮ ಥರ್ಮಾಮೀಟರನ್ನು ಮೊದಲು ಬರೀ ಕುದಿಯುವ ನೀರಿನಲ್ಲಿ ಅದ್ದಿ ಎಷ್ಟು ತೋರಿಸುತ್ತದೆ ನೋಡಿ, ಅದಕ್ಕೆ 4.5 ಕೂಡಿಸಿ. ಊರಿನ ಎತ್ತರವೂ ಯಂತ್ರದ ತಪ್ಪೂ ಒಂದೇ ಏಟಿಗೆ ಸರಿಹೋಗುತ್ತವೆ. ಮುಳ್ಳು ಡಬರಿಯ ತಳಕ್ಕೆ ತಾಗಬಾರದು.

ಥರ್ಮಾಮೀಟರ್ ಇಲ್ಲದಿದ್ದರೆ ತೂಕ ನಂಬಿ. 700 ಗ್ರಾಂ ಸಕ್ಕರೆ, ಹಣ್ಣಿನ ಸತ್ವ ಸೇರಿ ಶೇ. 65ಕ್ಕೆ ಬರಬೇಕಾದರೆ ಒಳಗಿರುವುದು 1120 ಗ್ರಾಂನಷ್ಟು ಉಳಿಯಬೇಕು. ಶುರುವಿನಲ್ಲಿ ಅದು 1600 ದಾಟಿರುತ್ತದೆ, ಅರ್ಧ ಕೆಜಿ ನೀರು ಆವಿಯಾಗಿ ಹೋಗಬೇಕು. ಹನ್ನೆರಡು ನಿಮಿಷಕ್ಕೊಮ್ಮೆ, ಆಮೇಲೆ ಮೂರು ಮೂರು ನಿಮಿಷಕ್ಕೆ ಡಬರಿ ಇಳಿಸಿ ತಕ್ಕಡಿಯ ಮೇಲೆ ಮಣೆ ಹಾಕಿ ಇಡಿ. ಖಾಲಿ ಡಬರಿಯ ತೂಕ ಕಳೆದರೆ ಉತ್ತರ.

ತಾಟಿನ ಪರೀಕ್ಷೆ ಎರಡಕ್ಕೂ ಸಾಕ್ಷಿ. ಉರಿ ಆರಿಸಿ, ತಣ್ಣನೆಯ ತಾಟಿಗೆ ಅರ್ಧ ಚಮಚ ಹಾಕಿ, ಒಂದು ನಿಮಿಷ ಫ್ರೀಜರ್‌ನಲ್ಲಿಟ್ಟು ತೆಗೆದು ಬೆರಳಿನಿಂದ ಮೆಲ್ಲಗೆ ದೂಡಿ. ಮೇಲ್ಮೈ ಹಾಲಿನ ಕೆನೆಯ ಹಾಗೆ ನಿರಿಗೆಗಟ್ಟಬೇಕು, ಬೆರಳು ಎಳೆದ ದಾರಿಗೆ ಜೆಲ್ಲಿ ವಾಪಸ್ ಹರಿದು ಬರಬಾರದು. ಹರಿದರೆ ಇನ್ನೆರಡು ನಿಮಿಷ ಕುದಿಸಿ. ಪರೀಕ್ಷೆ ಮಾಡುವಾಗ ಒಲೆ ಉರಿಯುತ್ತಲೇ ಇದ್ದರೆ ಅಷ್ಟರೊಳಗೆ ಹದ ದಾಟುತ್ತದೆ.

ಬಾಟಲಿಗೆ

ಗಾಜಿನ ಬಾಟಲಿ ಮೊದಲೇ ಕುದಿಯುವ ನೀರಿನಲ್ಲಿ ಮುಳುಗಿಸಿ 12 ನಿಮಿಷ ಇಟ್ಟಿರಬೇಕು. ಹತ್ತೇ ಸಾಕು ಅನ್ನುವುದು ಮತ್ತೆ ಸಮುದ್ರ ದಂಡೆಯ ಲೆಕ್ಕ. ಉಪ್ಪಿನಕಾಯಿಯ ಹಳೇ ಮುಚ್ಚಳ ಬೇಡ, ಒಳಗಿನ ರಬ್ಬರಿಗೆ ಹಿಡಿದ ಹಿಂಗಿನ ವಾಸನೆ ಎಷ್ಟು ತಿಕ್ಕಿದರೂ ಹೋಗದು.

ಇಳಿಸಿದ ಜೆಲ್ಲಿಯ ನೊರೆ ತೆಗೆದು, ಕೊಚ್ಚಿದ ಮೆಣಸಿನಕಾಯಿ ಹಾಕಿ ಒಂದು ಕುದಿ ಬರಿಸಿ. ಉರಿ ಆರಿಸಿದ ಮೇಲೆ ಐದು ನಿಮಿಷ ಮೆಲ್ಲಗೆ ಕಲಕುತ್ತ ನಿಲ್ಲಿ. ಕೂಡಲೇ ಸುರಿದರೆ ಚೂರುಗಳೆಲ್ಲ ಮೇಲಕ್ಕೆ ತೇಲಿ ಕೆಂಪು ಟೊಪ್ಪಿಗೆ ಹಾಕಿದಂತಾಗುತ್ತದೆ. ಸ್ವಲ್ಪ ದಪ್ಪವಾದ ಮೇಲೆ ಸುರಿದರೆ ನಡುವೆಯೇ ನಿಲ್ಲುತ್ತವೆ. ಬಾಟಲಿ ಬಿಸಿಯಿರಬೇಕು, ಇಲ್ಲವಾದರೆ ಗಾಜು ಸೀಳುತ್ತದೆ. ಕಾಲು ಇಂಚು ಜಾಗ ಬಿಟ್ಟು ತುಂಬಿ, ಬಾಯಿ ಒರೆಸಿ, ಮುಚ್ಚಳ ಬಿಗಿದು, ಕುದಿಯುವ ನೀರಿನಲ್ಲಿ ಪೂರ್ತಿ ಮುಳುಗುವಂತೆ 10 ನಿಮಿಷ ಇಡಿ. ತೆಗೆದು ಅರಿವೆಯ ಮೇಲೆ ಅಲುಗಾಡಿಸದೆ ಬಿಡಿ. ಪೇರಲ ಪೆಕ್ಟಿನ್ ಅವಸರದ್ದಲ್ಲ. ಮರುದಿನ, ಕೆಲವೊಮ್ಮೆ ಎರಡನೇ ದಿನಕ್ಕೆ ನಿಲ್ಲುತ್ತದೆ. ತಾಸಿಗೊಮ್ಮೆ ಬಾಟಲಿ ಓರೆ ಮಾಡಿ ನೋಡಿದರೆ ಕಟ್ಟುತ್ತಿರುವ ಬಲೆಯನ್ನು ನೀವೇ ಹರಿದ ಹಾಗೆ.

ಸೀಲಾದ ಬಾಟಲಿ ಕತ್ತಲೆಯ ಕಪಾಟಿನಲ್ಲಿ ಒಂದು ವರ್ಷ ಇರುತ್ತದೆ. ಬೆಳಕಿಗಿಟ್ಟರೆ ಕೆಡದಿದ್ದರೂ ಬಣ್ಣ ಮಾಸುತ್ತದೆ. ತೆರೆದ ಮೇಲೆ ಫ್ರಿಜ್, ಒಣ ಚಮಚ. ಬೂಸು ಕಂಡರೆ ಮೇಲಿನದಷ್ಟೇ ಕೆರೆದು ತೆಗೆಯುವುದಲ್ಲ, ಬಾಟಲಿಯೇ ಹೊರಗೆ.

ಕೆಟ್ಟರೆ

ಎರಡು ದಿನವಾದರೂ ನೀರಾಗಿಯೇ ಇದ್ದರೆ ಮೂರರಲ್ಲಿ ಒಂದು ಕಾರಣ: ಪೇರಲ ಹಣ್ಣಾಗಿತ್ತು, ಹುಳಿ ಸಾಲಲಿಲ್ಲ, ಅಥವಾ ಬೇಗ ಇಳಿಸಿದಿರಿ. ನಾಲ್ಕೂ ಬಾಟಲಿ ಡಬರಿಗೆ ಸುರಿದು, 2 ದೊಡ್ಡ ಚಮಚ ಲಿಂಬಿರಸ ಹಾಕಿ, ದೊಡ್ಡ ಉರಿಯಲ್ಲಿ 102ಕ್ಕೆ ತನ್ನಿ. ಮೂರು ನಾಲ್ಕು ನಿಮಿಷದ ಕೆಲಸ. ಆಗಲೂ ನಿಲ್ಲದಿದ್ದರೆ ಪೆಕ್ಟಿನ್ ಇಲ್ಲವೆಂದೇ ಲೆಕ್ಕ. ಮತ್ತೆ ಮತ್ತೆ ಕಾಸಬೇಡಿ, ಅಷ್ಟನ್ನೂ ವಿನೆಗ್ರೆಟ್‌ಗೆ ಬಳಸಿ. ಅಲ್ಲಿ ತೆಳುವಿರುವುದೇ ಅನುಕೂಲ.

ಜೆಲ್ಲಿ ನಿಂತು ಅಂಚಿನಲ್ಲಿ ನೀರು ಬಿಟ್ಟರೆ ಹುಳಿ ಹೆಚ್ಚಾಗಿದೆ, ಇಲ್ಲವೇ ಬಾಟಲಿ ಸೆಕೆಯಲ್ಲಿತ್ತು. ಏಪ್ರಿಲ್-ಮೇ ಬಿಸಿಲಿಗೆ ಗ್ಯಾಸ್ ಒಲೆಯ ಮೇಲಿನ ಹಲಗೆಯಲ್ಲಿ ಇಟ್ಟವರಿಗೆ ಇದು ಖಾಯಂ. ತಿನ್ನಲು ಅಡ್ಡಿಯಿಲ್ಲ. ಹರಳು ಕಟ್ಟಿದರೆ ಕಾರಣ ಆಗಲೇ ಹೇಳಿದ್ದಾಯಿತು. ತೀರ ಗಟ್ಟಿಯಾಗಿದ್ದರೆ ಬಳಸುವಷ್ಟನ್ನು ಒಂದು ಚಮಚ ಬಿಸಿನೀರಿನಲ್ಲಿ ಸಡಿಲಿಸಿಕೊಳ್ಳಿ.

ವಿನೆಗ್ರೆಟ್

ಎಣ್ಣೆ ಮತ್ತು ವಿನೆಗರ್ ಬೆರೆಸಿ ಹಸಿ ತರಕಾರಿಗೆ ಹಾಕುವ ಫ್ರೆಂಚರ ಪದ್ಧತಿ ಇದು. ಅವರ ರೂಢಿ ಮೂರು ಪಾಲು ಎಣ್ಣೆಗೆ ಒಂದು ಪಾಲು ವಿನೆಗರ್. ಜೆಲ್ಲಿಯ ಸಿಹಿ ಇರುವುದರಿಂದ ನಮಗೆ ಎಣ್ಣೆ ಕಡಿಮೆ ಸಾಕು, ಎರಡೂವರೆಗೆ ಒಂದು.

ಎಣ್ಣೆ ಯಾವುದು ಎನ್ನುವುದೇ ಇಲ್ಲಿ ಮುಖ್ಯ. ಗಾಣದ ಶೇಂಗಾ ಎಣ್ಣೆಗೆ ತನ್ನದೇ ಗಟ್ಟಿ ವಾಸನೆ, ಮೇಲಾಗಿ ಫ್ರಿಜ್‌ನಲ್ಲಿ ಹೆಪ್ಪಾಗಿ ಬಾಟಲಿಯಿಂದ ಬೀಳದು. ಅಂದೇ ಮುಗಿಸುವುದಾದರೆ ಅದು ಚೆನ್ನ. ನಾಲ್ಕು ದಿನ ಇಡುವುದಾದರೆ ಕುಸುಬಿ ಎಣ್ಣೆ. ತಣ್ಣಗಾದರೂ ತೆಳ್ಳಗೇ ಇರುತ್ತದೆ, ಮೆಣಸಿನಕಾಯಿಯ ಪರಿಮಳವನ್ನು ಮುಚ್ಚುವುದಿಲ್ಲ. ಬೇಗ ಮುಗ್ಗುವ ಎಣ್ಣೆಯಾದ್ದರಿಂದ ಹೊಸದನ್ನೇ, ಸ್ವಲ್ಪಸ್ವಲ್ಪವೇ ತನ್ನಿ. ವಾಸನೆಗೆ ಹಳೇ ಬಣ್ಣದ ಡಬ್ಬಿ ನೆನಪಾದರೆ ಬೇಡ.

ಜೆಲ್ಲಿ 2 ದೊಡ್ಡ ಚಮಚ, ವಿನೆಗರ್ 2 ದೊಡ್ಡ ಚಮಚ, ಕುಸುಬಿ ಎಣ್ಣೆ 5 ದೊಡ್ಡ ಚಮಚ, ಸಾಸಿವೆ ಪುಡಿ ಕಾಲು ಸಣ್ಣ ಚಮಚ, ಉಪ್ಪು ಅರ್ಧ ಸಣ್ಣ ಚಮಚ, ಜಜ್ಜಿದ ಬಳ್ಳೊಳ್ಳಿ ಒಂದು ಎಸಳು, ಒಂದು ಚಿಟಿಕೆ ಕಾಳುಮೆಣಸಿನ ಪುಡಿ. ಇದು ಆರು ಮಂದಿಯ ಪಚಡಿಗೆ ಸಾಕು.

ಸಾಸಿವೆ ಪುಡಿಯನ್ನು ಒಂದು ಚಮಚ ತಣ್ಣೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ಸಾಸಿವೆಯ ಘಾಟು ಏಳುವುದು ತಣ್ಣೀರಿನಲ್ಲಿ, ನೇರ ವಿನೆಗರ್‌ಗೆ ಹಾಕಿದರೆ ಹುಟ್ಟುವ ಮೊದಲೇ ಅಡಗುತ್ತದೆ. ಅಗಲ ಬಾಯಿಯ ಖಾಲಿ ಬಾಟಲಿಗೆ ವಿನೆಗರ್, ಉಪ್ಪು ಹಾಕಿ ಕರಗಿಸಿ. ಎಣ್ಣೆ ಮೊದಲು ಬಿದ್ದರೆ ಉಪ್ಪು ಕರಗದೆ ತಳದಲ್ಲೇ ಕೂರುತ್ತದೆ. ಜೆಲ್ಲಿ ಫ್ರಿಜ್‌ನದಾದರೆ ವಿನೆಗರ್ ಜೊತೆ ಅರೆ ನಿಮಿಷ ಬೆಚ್ಚಗೆ ಮಾಡಿ, ಇಲ್ಲದಿದ್ದರೆ ಗಂಟು ಗಂಟಾಗಿ ಉಳಿಯುತ್ತದೆ. ಸಾಸಿವೆ, ಬಳ್ಳೊಳ್ಳಿ, ಕಾಳುಮೆಣಸು, ಕೊನೆಗೆ ಎಣ್ಣೆ. ಮುಚ್ಚಳ ಬಿಗಿದು ಅರ್ಧ ನಿಮಿಷ ಜೋರಾಗಿ ಕುಲುಕಿ.

ಈಗ ಬೆಳಕಿಗೆ ಹಿಡಿದು ನೋಡಿ. ಎಣ್ಣೆ, ಹುಳಿ ಎರಡೂ ಒಂದಾಗಿ ಮಜ್ಜಿಗೆಯಷ್ಟು ದಪ್ಪದ ತಿಳಿಗೆಂಪು ದ್ರವ. ಸಾಸಿವೆಯ ಅಂಟು ಮತ್ತು ಜೆಲ್ಲಿಯ ಪೆಕ್ಟಿನ್ ಎಣ್ಣೆಯ ಹನಿಗಳನ್ನು ಬಿಡಿಬಿಡಿಯಾಗಿ ಹಿಡಿದಿರುತ್ತವೆ. ನಾಲ್ಕು ತಾಸು ಹಾಗೇ ಫ್ರಿಜ್‌ನಲ್ಲಿಟ್ಟರೆ ಮೇಲೆ ಕೂಡಿದ ಎಣ್ಣೆಯ ಪದರ ಮಾಣಿಕ್ಯದ ಬಣ್ಣಕ್ಕೆ ತಿರುಗಿರುತ್ತದೆ. ತಿರುಳಿನೊಳಗಿದ್ದ ಬ್ಯಾಡಗಿಯ ಬಣ್ಣ ತನಗೆ ಒಗ್ಗುವ ಎಣ್ಣೆಗೆ ಹಾರಿಕೊಂಡಿದೆ. ಖಾರವೂ ಅಷ್ಟೇ ಏರಿರುತ್ತದೆ, ರುಚಿ ನೋಡಿದ ಮೇಲೆಯೇ ಕಾಳುಮೆಣಸು ಹೆಚ್ಚಿಸಿ. ಬೇರ್ಪಟ್ಟದ್ದು ಕೆಟ್ಟದ್ದಲ್ಲ, ಮತ್ತೊಮ್ಮೆ ಕುಲುಕಿದರೆ ಕೂಡುತ್ತದೆ.

ಹಸಿ ಬಳ್ಳೊಳ್ಳಿ ಹಾಕಿದ ಎಣ್ಣೆಯನ್ನು ಮಾತ್ರ ಹೊರಗಿಡಬೇಡಿ. ಗಾಳಿಯಾಡದ ಎಣ್ಣೆಯಲ್ಲಿ ಬಳ್ಳೊಳ್ಳಿಯ ಚೂರು ಕೂತಲ್ಲಿ, ವಾಸನೆಯಿಂದಾಗಲಿ ರುಚಿಯಿಂದಾಗಲಿ ಗೊತ್ತಾಗದ ವಿಷ ಬೆಳೆಯಬಲ್ಲದು. ಫ್ರಿಜ್‌ನಲ್ಲಿ ನಾಲ್ಕು ದಿನ, ಅಷ್ಟೇ. ಬಳ್ಳೊಳ್ಳಿ ಬಿಟ್ಟು ಮಾಡಿದ್ದು ಒಂದು ವಾರ.

ಪಚಡಿಗೆ ಹಾಕುವಾಗ ಲೆಕ್ಕ ಇಷ್ಟು: ಹೆಚ್ಚಿದ ತರಕಾರಿ ಒಂದು ಬಟ್ಟಲಿಗೆ ಒಂದು ದೊಡ್ಡ ಚಮಚ. ಎಳೆ ಮೆಂತೆ ಸೊಪ್ಪು, ಉಳ್ಳಾಗಡ್ಡಿ ತಪ್ಪಲ, ಗಜ್ಜರಿ, ಮೂಲಂಗಿ, ಮೊಳಕೆ ಬಂದ ಹೆಸರು ಅಥವಾ ಮಡಿಕೆ ಕಾಳು. ಸೊಪ್ಪು ತೊಳೆದ ಮೇಲೆ ಅರಿವೆಯ ಮೇಲೆ ಹರಡಿ ಪೂರ್ತಿ ಆರಿಸಿ. ಒದ್ದೆ ಎಲೆಗೆ ಎಣ್ಣೆ ಹಿಡಿಯುವುದಿಲ್ಲ, ಜಾರಿ ಬಟ್ಟಲಿನ ತಳ ಸೇರುತ್ತದೆ. ತಾಟು ಹಾಕಿ ರೊಟ್ಟಿ ಬಡಿಸಿದ ಮೇಲೆಯೇ ಕಲಸಿ. ಹತ್ತು ನಿಮಿಷ ಮೊದಲೇ ಕಲಸಿದರೆ ಉಪ್ಪು ತರಕಾರಿಯ ನೀರು ಎಳೆದು ಮೆಂತೆ ಬಾಡಿ ಮುದ್ದೆಯಾಗುತ್ತದೆ. ಸೌತೆಕಾಯಿ ಹಾಕುವುದಾದರೆ ಬೀಜದ ತಿರುಳು ತೆಗೆದು ಹಾಕಿ. ಮೇಲೆ ಒಂದು ಚಮಚ ಗುರೆಳ್ಳು ಪುಡಿ ಉದುರಿಸಿದರೆ ಮೆಂತೆಯ ಕಹಿ, ಜೆಲ್ಲಿಯ ಸಿಹಿ, ವಿನೆಗರ್‌ನ ಹುಳಿ ಮೂರಕ್ಕೂ ಅದು ಹೊಂದುತ್ತದೆ. ಶೇಂಗಾ ಪುಡಿಯೂ ನಡೆಯುತ್ತದೆ, ಆದರೆ ಸಿಹಿ ಸ್ವಲ್ಪ ಮುಂದಾಗುತ್ತದೆ.

ಬರೀ ಜೆಲ್ಲಿಯನ್ನು ಕಟಕ ರೊಟ್ಟಿಗೆ ಬೆಣ್ಣೆ ಸವರಿ ಅದರ ಮೇಲೆ ತೆಳ್ಳಗೆ ಹಚ್ಚಿ. ಬೆಣ್ಣೆ ಕೆಳಗಿರಲಿ, ಜೆಲ್ಲಿ ಮೇಲಿರಲಿ. ತಿರುಗಾಮುರುಗಾ ಹಚ್ಚಿದರೆ ರೊಟ್ಟಿ ಜೆಲ್ಲಿಯ ನೀರು ಹೀರಿ ಮೆತ್ತಗಾಗುತ್ತದೆ. ಮಿರ್ಚಿ ಭಜಿಗೆ ಅದ್ದಿಕೊಳ್ಳುವುದಾದರೆ ಒಂದು ಚಮಚ ಜೆಲ್ಲಿಗೆ ಅರ್ಧ ಚಮಚ ಬಿಸಿನೀರು ಬೆರೆಸಿ ಸಡಿಲ ಮಾಡಿಕೊಳ್ಳಿ.